ತೆಗೆದ ಗಂಟು ಎಲ್ಲಿಗೆ ಹೋಯಿತು?

ಅಂಗಾಲಿನಲ್ಲೋ ಬೆರಳ ಸಂದಿಯಲ್ಲೋ ಎದ್ದ ಗಂಟಿಗೆ ಹೆಸರಿಡಲು ನಮ್ಮಲ್ಲಿ ಯಾರೂ ವೈದ್ಯರಿಗಾಗಿ ಕಾಯುವುದಿಲ್ಲ. ಗಟ್ಟಿಯಾಗಿದ್ದರೆ ಆಣಿ, ಒರಟಾಗಿದ್ದರೆ ನರೂಲಿ, ಮೆತ್ತಗಿದ್ದರೆ ಕೊಬ್ಬಿನ ಗಂಟು, ಕೆಂಪಗಾಗಿ ಸೋರುತ್ತಿದ್ದರೆ ಮುಳ್ಳು ನೆಟ್ಟು ಕೀವಾದದ್ದು. ಗುಡ್ನಾಪುರದ ಕೆರೆಯ ಆಸುಪಾಸಿನ ಗದ್ದೆಗಳಲ್ಲಿ, ಬನವಾಸಿ ಸುತ್ತಿನ ಅನಾನಸ್ ಹೊಲಗಳಲ್ಲಿ, ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆ ತೋಟಗಳಲ್ಲಿ ದುಡಿಯುವವರ ಕಾಲಲ್ಲಿ ಇಂಥದ್ದೊಂದು ಇರುವುದು ಸುದ್ದಿಯೇ ಅಲ್ಲ. ಬಹುಪಾಲು ಸಲ ಆ ಹೆಸರು ಸರಿಯೂ ಹೌದು. ಗಂಟು ಚಪ್ಪಲಿಗೆ ತಾಗಿ ರಕ್ತ ಒಸರತೊಡಗಿದಾಗ ಹತ್ತಿರದ ಆಸ್ಪತ್ರೆಯಲ್ಲಿ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಕೊಯ್ದು ತೆಗೆಯುತ್ತಾರೆ, ಎರಡು ಹೊಲಿಗೆ ಹಾಕುತ್ತಾರೆ, ಕೆಲವು ದಿನ ಬಿಟ್ಟು ಹೊಲಿಗೆ ಬಿಚ್ಚುತ್ತಾರೆ. ಗಾಯ ಒಣಗಿತು, ಅಲ್ಲಿಗೆ ಮುಗಿಯಿತು. ಕೊಯ್ದು ತೆಗೆದ ಆ ಹುಣಸೆಬೀಜದಷ್ಟು ಮಾಂಸ ಎಲ್ಲಿಗೆ ಹೋಯಿತೆಂದು ರೋಗಿ ಕೇಳುವುದಿಲ್ಲ. ಎಷ್ಟೋ ಕಡೆ ವೈದ್ಯರೂ ಕೇಳಿಕೊಳ್ಳುವುದಿಲ್ಲ. ಆಸ್ಪತ್ರೆಯ ಕಸ ತುಂಬುವ ಹಳದಿ ಚೀಲದಲ್ಲಿ ಅದು ಹೋಗಿರುತ್ತದೆ. ಬೆವರುಗ್ರಂಥಿಯ ಕ್ಯಾನ್ಸರಿನಂಥ ಬಲು ಅಪರೂಪದ ರೋಗ ಪತ್ತೆಯಾಗುವುದೂ ತಪ್ಪಿಹೋಗುವುದೂ ದೊಡ್ಡ ಊರಿನ ಯಂತ್ರಗಳ ಮುಂದೆ ಎಂದು ನಾವು ಭಾವಿಸಿದ್ದೇವೆ. ಅದಕ್ಕೂ ಬಹಳ ಮೊದಲು, ಈ ಹಳದಿ ಚೀಲದ ಬಾಯಲ್ಲೇ ಅದು ತೀರ್ಮಾನವಾಗಿರುತ್ತದೆ ಎಂಬುದು ನನ್ನ ವಾದ.

ಮನುಷ್ಯನ ಚರ್ಮದಲ್ಲಿ 20ರಿಂದ 40 ಲಕ್ಷ ಬೆವರುಗ್ರಂಥಿಗಳಿವೆ ಎಂಬುದು ಸಾಮಾನ್ಯ ಅಂದಾಜು. ಮೈ ತಂಪು ಮಾಡುವ ಎಕ್ರೈನ್ ಜಾತಿಯವು ಅಂಗೈ ಅಂಗಾಲುಗಳಲ್ಲಿ ದಟ್ಟವಾಗಿವೆ. ಕಂಕುಳು, ತೊಡೆಸಂದಿಗಳಲ್ಲಿದ್ದು ಪ್ರಾಯ ಬಂದ ಮೇಲೆ ಚುರುಕಾಗುವವು ಅಪೋಕ್ರೈನ್. ಕಣ್ರೆಪ್ಪೆಯಂಚಿನ, ಕಿವಿಯ ಗುಗ್ಗೆಗೆ ಕಾರಣವಾದ ಗ್ರಂಥಿಗಳೂ ಅದೇ ಬಳಗದವು. ಈ ಎರಡು ಮನೆತನಗಳಲ್ಲಿ ಹುಟ್ಟುವ ಕ್ಯಾನ್ಸರ್‌ಗಳಿಗೆ ಹತ್ತಾರು ಹೆಸರುಗಳಿವೆ. ಎಲ್ಲವನ್ನೂ ಹೇಳಿ ಓದುಗರನ್ನು ದಣಿಸಬೇಕಿಲ್ಲ, ನಾಲ್ಕು ಸಾಕು. 1963ರಲ್ಲಿ ಪಿಂಕಸ್ ಮತ್ತು ಮೆಹ್ರೆಗನ್ ಮೊದಲು ವಿವರಿಸಿದ, ಈಗ ಪೋರೋಕಾರ್ಸಿನೋಮಾ ಎನ್ನುವ ಕ್ಯಾನ್ಸರ್ ಹೆಚ್ಚಾಗಿ ವಯಸ್ಸಾದವರ ಕಾಲಿನಲ್ಲಿ, ತಲೆ–ಕತ್ತಿನ ಭಾಗದಲ್ಲಿ ಕಾಣಿಸುತ್ತದೆ. ವರ್ಷಗಟ್ಟಲೆ ಸುಮ್ಮನಿದ್ದ ಗಂಟು ಒಮ್ಮೆಲೇ ದೊಡ್ಡದಾಗುವುದು, ರಕ್ತ ಒಸರುವುದು ಅದರ ರೀತಿ. 1982ರಲ್ಲಿ ಪ್ರತ್ಯೇಕ ರೋಗವೆಂದು ಗುರುತಾದ ಮೈಕ್ರೋಸಿಸ್ಟಿಕ್ ಅಡ್ನೆಕ್ಸಲ್ ಕಾರ್ಸಿನೋಮಾ ಮುಖದ ಮೇಲೆ, ಅದರಲ್ಲೂ ಮೇಲ್ದುಟಿಯ ಸುತ್ತ, ಹಳೆ ಗಾಯದ ಕಲೆಯಂತೆ ಗಟ್ಟಿಯಾಗಿ ಕೂತಿರುತ್ತದೆ. ಬೆರಳುಗಳ ಅಂಗೈ ಬದಿಯಲ್ಲಿ ಬರುವ ಡಿಜಿಟಲ್ ಪ್ಯಾಪಿಲರಿ ಅಡಿನೋಕಾರ್ಸಿನೋಮಾದ ಹಿಂದೆ ನರೂಲಿ ತರುವ ವೈರಸ್ಸುಗಳ ಬಳಗದ್ದೇ ಒಂದು, ಎಚ್‌ಪಿವಿ 42, ಇದೆಯೆಂದು ಗೊತ್ತಾದದ್ದು ತೀರಾ ಈಚೆಗೆ, 2022ರಲ್ಲಿ. ನಾಲ್ಕನೆಯದು, ಅಪೋಕ್ರೈನ್ ಗ್ರಂಥಿಗಳಿರುವ ಜಾಗದಲ್ಲೇ ಕಾಣಿಸಿಕೊಂಡು ಅವುಗಳ ನೆಂಟನೆನಿಸಿರುವ, ಸ್ತನದ ಹೊರಗಿನ ಪೇಜೆಟ್ ಕಾಯಿಲೆ. ಇದು ಗಂಟೇ ಅಲ್ಲ. ತೊಡೆಸಂದಿಯಲ್ಲಿ ಕೆಂಪಗೆ ಹರಡಿ ತುರಿಸುವ ಪಟ್ಟೆ. ಇದನ್ನು ಹುಳುಕಡ್ಡಿ ಎಂದುಕೊಂಡು ಅಂಗಡಿಯ ಮುಲಾಮು ಹಚ್ಚುತ್ತ, ನಾಚಿಕೆಯಿಂದ ಯಾರಿಗೂ ತೋರಿಸದೆ ವರ್ಷಗಳು ಕಳೆಯುತ್ತವೆ.

ಈ ನಾಲ್ಕಕ್ಕೂ ಸಮಾನವಾದದ್ದು ಒಂದೇ: ಯಾವುದಕ್ಕೂ ತನ್ನದೇ ಆದ ಮುಖವಿಲ್ಲ. ಆಣಿಯ, ನರೂಲಿಯ, ಕಲೆಯ, ಹುಳುಕಡ್ಡಿಯ ವೇಷದಲ್ಲಿ ಬರುತ್ತವೆ. ಹೊರಗಿನಿಂದ ನೋಡಿ ‘ಇದು ಬೆವರುಗ್ರಂಥಿಯ ಕ್ಯಾನ್ಸರ್’ ಎಂದು ಖಚಿತವಾಗಿ ಹೇಳುವುದು ಪಳಗಿದ ಚರ್ಮವೈದ್ಯರಿಗೂ ಆಗದ ಮಾತು. ಸ್ಕ್ಯಾನಿಂಗ್ ಮಾಡಿಸಿದರೆ ರೋಗ ಎಷ್ಟು ದೂರ ಹಬ್ಬಿದೆ ಎಂದು ತಿಳಿದೀತು, ಅದರ ಕುಲ ತಿಳಿಯದು. ಸೂಜಿ ಹಾಕಿ ಜೀವಕೋಶ ತೆಗೆದು ನೋಡುವ ಎಫ್‌ಎನ್‌ಎಸಿ ಸುಳಿವು ಕೊಟ್ಟೀತು, ಆದರೆ ಕೋಶಗಳು ಹೇಗೆ ಜೋಡಣೆಯಾಗಿವೆ, ಎಷ್ಟು ಆಳಕ್ಕೆ ಇಳಿದಿವೆ ಎಂಬುದು ಅದರಲ್ಲಿ ಸಿಗುವುದಿಲ್ಲ. ಉಳಿಯುವುದು ತುಣುಕು ಪರೀಕ್ಷೆ, ಅಂದರೆ ಬಯಾಪ್ಸಿ. ವೈದ್ಯರ ಊಹೆ ತಪ್ಪಿದರೂ ಗಂಟು ಪ್ರಯೋಗಾಲಯಕ್ಕೆ ಹೋಗಿದ್ದರೆ ತಪ್ಪು ಅಲ್ಲಿ ತಿದ್ದಿಕೊಳ್ಳುತ್ತದೆ. ಊಹೆ ತಪ್ಪಿ ಗಂಟೂ ಕಸಕ್ಕೆ ಹೋದರೆ ತಿದ್ದುವುದಕ್ಕೆ ಏನೂ ಉಳಿದಿರುವುದಿಲ್ಲ. ಮುಂದಿನ ವರ್ಷ ಅದೇ ಜಾಗದಲ್ಲಿ ಮತ್ತೆ ಏಳುವ ಗಂಟೋ, ತೊಡೆಸಂದಿಯಲ್ಲಿ ಊದಿಕೊಂಡ ಹಾಲ್ಗಟ್ಟು, ಅಂದರೆ ದುಗ್ಧಗ್ರಂಥಿಯೋ ಸುದ್ದಿ ತರಬೇಕು. ಪೋರೋಕಾರ್ಸಿನೋಮಾದ 69 ಪ್ರಕರಣಗಳನ್ನು ಪರಿಶೀಲಿಸಿ 2001ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮುಂದೆ ಏನಾಯಿತೆಂದು ತಿಳಿದುಬಂದವರ ಪೈಕಿ ಶೇ 17ರಷ್ಟು ಮಂದಿಗೆ ಅದೇ ಜಾಗದಲ್ಲಿ ಮರುಕಳಿಸಿತ್ತು, ಶೇ 19ರಷ್ಟು ಮಂದಿಗೆ ಹಾಲ್ಗಟ್ಟುಗಳಿಗೆ ಹಬ್ಬಿತ್ತು, ಶೇ 11ರಷ್ಟು ಮಂದಿಯಲ್ಲಿ ದೂರದ ಅಂಗಗಳನ್ನು ಮುಟ್ಟಿತ್ತು ಇಲ್ಲವೇ ಸಾವು ತಂದಿತ್ತು. ಹಬ್ಬಿದ ಮೇಲೆ ಔಷಧಿಗಳ ಬಲ ಕಡಿಮೆ. ಸುತ್ತಲಿನ ಒಳ್ಳೆಯ ಚರ್ಮದ ಅಂಚನ್ನೂ ಸೇರಿಸಿ ಪೂರ್ತಿ ಕೊಯ್ದು ತೆಗೆಯುವುದೇ ಇದರ ನಿಜವಾದ ಚಿಕಿತ್ಸೆ. ಆದ್ದರಿಂದ ಮೊದಲ ಗಂಟಿನ ಬೆಲೆ ಹೆಚ್ಚು.

ಅಪರೂಪದ ರೋಗ ಹಳ್ಳಿಯ ಮೂಲೆಯಲ್ಲಿ ಹೇಗೆ ತಾನೇ ಪತ್ತೆಯಾದೀತು ಎನ್ನುವವರಿಗೆ ಉತ್ತರ ನಮ್ಮ ಪಕ್ಕದಲ್ಲೇ ಇದೆ. ಬನವಾಸಿಯಿಂದ ವರದೆಯನ್ನು ದಾಟಿದರೆ ಸೊರಬ ತಾಲ್ಲೂಕು. ಅಲ್ಲಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸಾಯುತ್ತಿದ್ದಾಗ, ಸುತ್ತಲ ಹಳ್ಳಿಗರು ಜ್ವರದಲ್ಲಿ ಮಲಗಿದಾಗ, ಮೊದಲು ಬಂದ ಅನುಮಾನ ಟೈಫಾಯ್ಡಿನ ಮೇಲೆ. ಮಂಗಗಳ ಸಾವು ಕಂಡ ಮೇಲೆ ಹಳದಿ ಜ್ವರವೇ ಇರಬಹುದೇ ಎಂಬ ಅಳುಕೂ ಹುಟ್ಟಿತು. ಎರಡೂ ತಪ್ಪು. ಸತ್ತ ಮಂಗಗಳ ಮತ್ತು ರೋಗಿಗಳ ಮಾದರಿಗಳು ಪುಣೆಯ ವೈರಸ್ ಸಂಶೋಧನಾ ಕೇಂದ್ರದ ಕೈಗೆ ಸಿಕ್ಕಿ, ಜಗತ್ತು ಅಲ್ಲಿಯವರೆಗೆ ಕಾಣದಿದ್ದ ವೈರಸ್ ಹೊರಬಂತು. ಇವತ್ತು ಸಿದ್ದಾಪುರದ ಹಳ್ಳಿಗಳಲ್ಲಿ ಬೇಸಿಗೆ ಹತ್ತಿರವಾದಂತೆ ಆ ವೈರಸ್ ತರುವ ಮಂಗನಕಾಯಿಲೆಯ ಮಾತು ಏಳುತ್ತದೆ, ಕಾಡಿನಲ್ಲಿ ಮಂಗ ಸತ್ತಿದ್ದರೆ ತಿಳಿಸಿ ಎಂದು ಆರೋಗ್ಯ ಇಲಾಖೆಯವರು ಹೇಳಿಹೋಗುತ್ತಾರೆ. ಇಲ್ಲಿ ಗಮನಿಸಬೇಕಾದದ್ದು, ಆ ರೋಗ ಪತ್ತೆಯಾಗಲು ಕ್ಯಾಸನೂರಿನಲ್ಲಿ ವೈರಸ್ ತಜ್ಞರು ಇರಬೇಕಾಗಿರಲಿಲ್ಲ. ಮಾದರಿ ಹಾಳಾಗದೆ ತಜ್ಞರ ಮೇಜಿಗೆ ಮುಟ್ಟಬೇಕಾಗಿತ್ತು, ಅಷ್ಟೇ. ಹೋಲಿಕೆ ಪೂರ್ತಿ ಸರಿಹೊಂದುವುದಿಲ್ಲ ಎಂಬ ಆಕ್ಷೇಪವನ್ನು ನಾನೇ ಎತ್ತುತ್ತೇನೆ: ಮಂಗನಕಾಯಿಲೆ ಊರನ್ನೇ ಕೆಡವುತ್ತಿತ್ತು, ಸರ್ಕಾರ ಸುಮ್ಮನಿರುವ ಹಾಗಿರಲಿಲ್ಲ. ಬೆವರುಗ್ರಂಥಿಯ ಕ್ಯಾನ್ಸರ್ ಒಬ್ಬರ ಒಂದು ಕಾಲಿನಲ್ಲಿ, ನೋವೂ ಇಲ್ಲದೆ ಬೆಳೆಯುತ್ತದೆ. ಅದಕ್ಕೆ ಸತ್ತು ಬಿದ್ದು ಎಚ್ಚರಿಸುವ ಮಂಗಗಳಿಲ್ಲ. ಆದರೆ ಈ ವ್ಯತ್ಯಾಸ ನನ್ನ ವಾದವನ್ನು ಇನ್ನೂ ಬಿಗಿ ಮಾಡುತ್ತದೆ. ಎಚ್ಚರಿಕೆ ತಾನಾಗಿ ಬರುವ ಕಡೆ ಅಭ್ಯಾಸವಿಲ್ಲದಿದ್ದರೂ ನಡೆಯುತ್ತದೆ, ಎಚ್ಚರಿಕೆ ಬಾರದ ಕಡೆ ಅಭ್ಯಾಸವೊಂದೇ ಗತಿ.

‘ಅಪರೂಪ’ ಎಂಬ ಮಾತನ್ನೂ ಸ್ವಲ್ಪ ತಿರುವಿ ನೋಡಬೇಕು. ಪೋರೋಕಾರ್ಸಿನೋಮಾ ಚರ್ಮದ ಗೆಡ್ಡೆಗಳಲ್ಲಿ ಶೇ 0.005ರಿಂದ 0.01ರಷ್ಟು ಮಾತ್ರ ಎಂದು ವೈದ್ಯಕೀಯ ಲೇಖನಗಳು ಮತ್ತೆಮತ್ತೆ ಹೇಳುತ್ತವೆ. ಈ ಲೆಕ್ಕ ಹೆಚ್ಚಾಗಿ ಬಿಳಿಯರ ನಾಡುಗಳದ್ದು. ಅಲ್ಲಿ ಬಿಸಿಲಿನಿಂದ ಬರುವ ಚರ್ಮದ ಕ್ಯಾನ್ಸರ್ ವಿಪರೀತ ಹೆಚ್ಚು, ಹಾಗಾಗಿ ಉಳಿದದ್ದರ ಪಾಲು ಪುಡಿಯಾಗಿ ಕಾಣುತ್ತದೆ. ನಮ್ಮ ಮೈಬಣ್ಣಕ್ಕೆ ಆ ಬಗೆಯವು ಅಷ್ಟಾಗಿ ಬರುವುದಿಲ್ಲ. ಅವರ ಭಾಗಾಕಾರವನ್ನು ನಮ್ಮ ಊರಿಗೆ ಹಾಗೇ ತರಲಾಗದು. ಬೆಂಗಳೂರಿನಲ್ಲಿ 1982ರಿಂದ ಕಿದ್ವಾಯಿ ಸಂಸ್ಥೆಯ ಮೂಲಕ ಜನಸಂಖ್ಯಾಧಾರಿತ ಕ್ಯಾನ್ಸರ್ ನೋಂದಣಿ ನಡೆದಿದೆ. ಅಂಥ ನೋಂದಣಿ ಎಷ್ಟೇ ಶ್ರದ್ಧೆಯದಾದರೂ ಪರೀಕ್ಷೆಯಾಗಿ ಹೆಸರು ಪಡೆದ ಕ್ಯಾನ್ಸರನ್ನಷ್ಟೇ ಅದು ಎಣಿಸಬಲ್ಲದು. ಹಳದಿ ಚೀಲಕ್ಕೆ ಹೋದದ್ದು ಯಾವ ಪಟ್ಟಿಗೂ ಬರುವುದಿಲ್ಲ. ಹಾಗೆಂದು ಇದು ಊರೂರಲ್ಲಿ ಅಡಗಿ ಕೂತಿದೆ ಎಂದು ಹೆದರಿಸುವುದು ತಪ್ಪಾದೀತು. ಕೊಯ್ದದ್ದನ್ನೆಲ್ಲ ಪರೀಕ್ಷೆಗೆ ಕಳಿಸುವ ದೇಶಗಳಲ್ಲೂ ಇದು ಅಪರೂಪವೇ. ಎಷ್ಟು ಅಪರೂಪ ಎಂದು ನಮ್ಮ ಜಿಲ್ಲೆಯ ಮಟ್ಟಿಗೆ ಹೇಳಬೇಕಾದರೆ ಮೊದಲು ನೋಡಿರಬೇಕು, ಅಷ್ಟನ್ನೇ ನಾನು ಹೇಳುತ್ತಿರುವುದು.

ನೋಡುವುದಕ್ಕೆ ಬೇಕಾದ ಸಲಕರಣೆ ಅತಿ ಸಾದಾ. ಅಗಲ ಬಾಯಿಯ ಒಂದು ಬಾಟಲಿ, ಗಂಟಿನ ಗಾತ್ರದ ಹತ್ತರಷ್ಟು ಫಾರ್ಮಲಿನ್ ದ್ರಾವಣ, ಹೆಸರಿನ ಚೀಟಿ. ಸಲೈನಿನಲ್ಲಿ ಅದ್ದಿ ಕಳಿಸಿದರೆ ಅಂಗಾಂಶ ಕೊಳೆಯುತ್ತದೆ, ಬಾಟಲಿಯಿಲ್ಲವೆಂದು ಹತ್ತಿಯಲ್ಲಿ ಸುತ್ತಿಟ್ಟರೆ ಒಣಗುತ್ತದೆ. ಆಮೇಲೆ ಎಂಥ ಜಾಣರ ಕಣ್ಣಿಗೂ ಅದು ಓದಲಾಗದ ಬರಹ. ಸರಿಯಾಗಿ ಬಂದ ತುಣುಕನ್ನು ಪ್ರಯೋಗಾಲಯದಲ್ಲಿ ಮೇಣದ ಅಚ್ಚಿನಲ್ಲಿ ಹುದುಗಿಸಿ, ಒಂದು ಮಿಲಿಮೀಟರಿನ ಇನ್ನೂರರಲ್ಲೊಂದು ಪಾಲಿನಷ್ಟು ತೆಳ್ಳಗೆ ಸೀಳಿ, ನೀಲಿ–ಗುಲಾಬಿ ಬಣ್ಣ ಹಾಕಿ ಸೂಕ್ಷ್ಮದರ್ಶಕದಡಿ ಇಡುತ್ತಾರೆ. ಆದರೆ ಕೊಯ್ಯುವ ಕೈಯಲ್ಲೂ ಅರ್ಧ ಪರೀಕ್ಷೆ ಇದೆ. ಮೇಲಿಂದ ಹೆರೆದು ತೆಗೆದ ಚೂರು ಇಲ್ಲಿ ಪ್ರಯೋಜನಕ್ಕಿಲ್ಲ, ಕೆಲವು ಸಲ ಮೋಸವನ್ನೂ ಮಾಡುತ್ತದೆ. ಮುಖದ ಮೇಲಿನ ಆ ಮೈಕ್ರೋಸಿಸ್ಟಿಕ್ ಕ್ಯಾನ್ಸರಿನ ಮೇಲ್ಪದರ ನೋಡಲು ನಿರುಪದ್ರವಿ ಗೆಡ್ಡೆಯ ಹಾಗೇ ಇರುತ್ತದೆ: ಸಣ್ಣ ನಾಳಗಳು, ಸಣ್ಣ ನೀರ್ಗುಳ್ಳೆಗಳು. ಅದರ ಕೇಡಿತನವಿರುವುದು ಕೆಳಗೆ, ಕೊಬ್ಬಿನ ಪದರದಲ್ಲಿ, ನರದ ಗುಂಟ ಸಾಲುಗಟ್ಟಿ ಹೋಗುವ ಎಳೆಗಳಲ್ಲಿ. ಆ ಜಾಗದಲ್ಲಿ ಜೋಮು ಹಿಡಿದಂತಾಗುತ್ತದೆ ಎಂದು ರೋಗಿ ಹೇಳುವುದು ಇದೇ ಕಾರಣಕ್ಕೆ. ಮೇಲ್ಪದರ ಮಾತ್ರ ಕಳಿಸಿದರೆ ‘ತೊಂದರೆಯಿಲ್ಲ’ ಎಂಬ ವರದಿ ಬರುತ್ತದೆ, ಆ ವರದಿ ತನ್ನ ಮಟ್ಟಿಗೆ ಪ್ರಾಮಾಣಿಕವೂ ಆಗಿರುತ್ತದೆ.

ಬಾಟಲಿಯ ಜೊತೆ ಹೋಗುವ ಚೀಟಿಯನ್ನು ನಮ್ಮ ಆಸ್ಪತ್ರೆಗಳಲ್ಲಿ ಕಾಟಾಚಾರಕ್ಕೆ ತುಂಬುವುದುಂಟು: ಹೆಸರು, ವಯಸ್ಸು, ‘ಕಾಲಿನ ಗಂಟು’. ಈ ರೋಗದ ಮಟ್ಟಿಗೆ ಚೀಟಿ ಗಂಟಿನಷ್ಟೇ ಮುಖ್ಯ ಎಂದರೆ ಅತಿಶಯವಲ್ಲ. ಕಾರಣ ಕುತೂಹಲಕರವಾಗಿದೆ. ಹೆಣ್ಣಿನ ಸ್ತನ ದೇಹರಚನೆಯ ಲೆಕ್ಕದಲ್ಲಿ ಮಾರ್ಪಟ್ಟ ಅಪೋಕ್ರೈನ್ ಬೆವರುಗ್ರಂಥಿಯೇ. ಹಾಗಾಗಿ ಚರ್ಮದಲ್ಲೇ ಹುಟ್ಟಿದ ಬೆವರುಗ್ರಂಥಿಯ ಕ್ಯಾನ್ಸರ್ ಮತ್ತು ಸ್ತನದಿಂದ ಹರಡಿ ಚರ್ಮಕ್ಕೆ ಬಂದ ಕ್ಯಾನ್ಸರ್ ಸೂಕ್ಷ್ಮದರ್ಶಕದಡಿ ಅಕ್ಕತಂಗಿಯರಂತೆ ಕಾಣಬಹುದು. ಹಾರ್ಮೋನ್ ಗ್ರಾಹಕಗಳ ಪರೀಕ್ಷೆ ಎರಡರಲ್ಲೂ ಹೌದು ಎನ್ನಬಹುದು. ಪಿ63, ಡಿ2–40 ಎಂಬ ವಿಶೇಷ ಬಣ್ಣಗಾರಿಕೆಗಳು ಚರ್ಮದಲ್ಲೇ ಹುಟ್ಟಿದ್ದಕ್ಕೆ ಹೆಚ್ಚಾಗಿ ಒಲಿಯುತ್ತವೆ, ಹರಡಿ ಬಂದದ್ದಕ್ಕೆ ಸಾಮಾನ್ಯವಾಗಿ ಒಲಿಯುವುದಿಲ್ಲ. ‘ಸಾಮಾನ್ಯವಾಗಿ’ ಎಂಬ ಪದವನ್ನು ಅಲ್ಲಿಂದ ತೆಗೆಯುವಂತಿಲ್ಲ. 2019ರಲ್ಲಿ ಜಪಾನಿನ ಸಂಶೋಧಕರು ಪೋರೋಮಾ ಎಂಬ ನಿರುಪದ್ರವಿ ಗೆಡ್ಡೆ ಮತ್ತು ಪೋರೋಕಾರ್ಸಿನೋಮಾಗಳಲ್ಲಿ ವೈಎಪಿ1 ಜೀನು ಬೇರೆ ಜೀನಿನೊಡನೆ ಬೆಸೆದುಕೊಂಡಿರುವುದನ್ನು ತೋರಿಸಿದ ಮೇಲೆ ಗುರುತಿಸಲು ಹೊಸ ದಾರಿ ಸಿಕ್ಕಿದೆ, ಆದರೆ ಎಲ್ಲ ಗಂಟುಗಳಲ್ಲೂ ಆ ಬೆಸುಗೆ ಇರುವುದಿಲ್ಲ. ಕೊನೆಗೆ ತೂಕ ಬೀಳುವುದು ಸಾದಾ ಪ್ರಶ್ನೆಗಳ ಮೇಲೆ. ಈ ಹೆಂಗಸಿಗೆ ಹಿಂದೆ ಸ್ತನದ ಆಪರೇಷನ್ ಆಗಿತ್ತೇ? ಗಂಟು ಎಷ್ಟು ವರ್ಷದ್ದು? ಮೊದಲೊಮ್ಮೆ ತೆಗೆದಿದ್ದರೇ? ಒಂದೇ ಇದೆಯೋ, ಬೇರೆಡೆಯೂ ಇದೆಯೋ? ಚರ್ಮದ್ದೇ ಆದರೆ ಕೊಯ್ದು ಗುಣವಾಗುವ ರೋಗ, ಹರಡಿ ಬಂದದ್ದಾದರೆ ಚಿಕಿತ್ಸೆಯ ದಾರಿಯೇ ಬೇರೆ. ಈ ಉತ್ತರಗಳು ಗೊತ್ತಿರುವುದು ಹುಬ್ಬಳ್ಳಿಯಲ್ಲೋ ಮಣಿಪಾಲದಲ್ಲೋ ಕುಳಿತ ಪೆಥಾಲಜಿಸ್ಟರಿಗಲ್ಲ. ರೋಗಿಯ ಮನೆಯ ಪರಿಚಯವಿರುವ ಊರಿನ ಡಾಕ್ಟರಿಗೆ. ಶಾಸನದ ಓದೂ ಹೀಗೆಯೇ: ಗುಡ್ನಾಪುರದ ಕದಂಬ ರವಿವರ್ಮನ ಶಾಸನದ ಕಂಬವನ್ನು 1970ರ ದಶಕದಲ್ಲಿ ಲಿಪಿ ಬಲ್ಲವರು ಓದಿದಾಗ ಕದಂಬರ ಚರಿತ್ರೆಗೆ ಹೊಸ ಪುಟ ಸೇರಿತು. ಲಿಪಿ ಬಲ್ಲವರಿಗೂ ಆ ಕಂಬ ಯಾವ ಊರಿನಲ್ಲಿ, ಯಾವ ಕೆರೆಯ ಬಳಿ ನಿಂತಿತ್ತು ಎಂಬುದು ಬೇಕಾಗಿತ್ತು ಎಂಬುದನ್ನು ಮರೆಯಬಾರದು.

ಕೊಯ್ದ ಗಂಟನ್ನೆಲ್ಲ ಪರೀಕ್ಷೆಗೆ ಕಳಿಸಬೇಕು ಎಂಬುದಕ್ಕೆ ಬರುವ ಮೊದಲ ದೊಡ್ಡ ಆಕ್ಷೇಪ ಖರ್ಚಿನದು, ಅದು ಹಗುರಾದ ಆಕ್ಷೇಪವಲ್ಲ. ಕೂಲಿ ಬಿಟ್ಟು ಬಂದವರಿಗೆ ಹೊಲಿಗೆಯ ಖರ್ಚೇ ಭಾರ, ಅದರ ಮೇಲೆ ‘ಪರೀಕ್ಷೆಗೆ ದುಡ್ಡು ಕೊಡಿ’ ಎಂದರೆ ಯಾರಿಗೆ ಬೇಕು? ಸಾವಿರ ನರೂಲಿಗಳನ್ನು ಸೀಳಿ ಒಂದು ಕ್ಯಾನ್ಸರ್ ಹುಡುಕುವುದು ಪೆಥಾಲಜಿಸ್ಟರ ಹೊತ್ತಿನ ದುಂದಲ್ಲವೇ? ಬ್ರಿಟನ್ನಿನಲ್ಲಿ ಚಿಕಿತ್ಸೆಯ ಮಾರ್ಗದರ್ಶನ ನೀಡುವ ನೈಸ್ ಸಂಸ್ಥೆಯ 2006ರ ಮಾರ್ಗಸೂಚಿ ಚರ್ಮದಿಂದ ಕೊಯ್ದು ತೆಗೆದ ಎಲ್ಲವನ್ನೂ ಪರೀಕ್ಷೆಗೆ ಕಳಿಸಬೇಕೆಂದಿತು; ಅವರ ಬೊಕ್ಕಸ ಬೇರೆ ಎನ್ನಬಹುದು. ಒಪ್ಪುತ್ತೇನೆ. ಆದರೆ ಈ ಲೆಕ್ಕದಲ್ಲಿ ಒಂದು ತಪ್ಪಿದೆ: ಪರೀಕ್ಷೆಯನ್ನು ಬೆವರುಗ್ರಂಥಿಯ ಕ್ಯಾನ್ಸರೊಂದರ ಖಾತೆಗೇ ಬರೆಯಲಾಗಿದೆ. ಅದೇ ಬಾಟಲಿಯಲ್ಲಿ ಅಂಗಾಲಿನ ಮೆಲನೋಮಾ ಇರಬಹುದು, ಹಳೆ ಸುಟ್ಟಗಾಯದಲ್ಲಿ ಹುಟ್ಟಿದ ಕ್ಯಾನ್ಸರ್ ಇರಬಹುದು, ಚರ್ಮದ ಕ್ಷಯವೋ ಕುಷ್ಠವೋ ಇರಬಹುದು, ಬರಿಗಾಲಿಗೆ ಮುಳ್ಳು ನೆಟ್ಟ ಜಾಗದಲ್ಲಿ ಮಣ್ಣಿನ ಬೂಜು ಹೊಕ್ಕು ಹೂಕೋಸಿನಂತೆ ಬೆಳೆವ ಸೋಂಕು ಇರಬಹುದು. ಮಲೆನಾಡಿನ ಕಾಲುಗಳಿಗೆ ಈ ಕೊನೆಯದು ಕ್ಯಾನ್ಸರಿಗಿಂತ ಹತ್ತಿರದ ಮಾತು. ಒಂದು ಅಪರೂಪವನ್ನು ಹುಡುಕಲು ಹೊರಟರೆ ದುಬಾರಿ, ಹತ್ತು ಅಪರೂಪಗಳನ್ನು ಒಂದೇ ಬಲೆಯಲ್ಲಿ ಹಿಡಿದರೆ ಅಷ್ಟು ದುಬಾರಿಯಲ್ಲ. ಅಷ್ಟಾಗಿಯೂ ಎಲ್ಲವನ್ನೂ ಕಳಿಸಲಾಗದಿದ್ದರೆ ಕನಿಷ್ಠ ಇಷ್ಟನ್ನಾದರೂ ಬಿಡಬಾರದು: ನಲವತ್ತು ದಾಟಿದವರ ಹೊಸ ಗಂಟು, ಹಳೆಯದಾಗಿ ಈಚೆಗೆ ಬೆಳೆದದ್ದು, ರಕ್ತ ಒಸರುವುದು, ಒಮ್ಮೆ ತೆಗೆದ ಮೇಲೆ ಮತ್ತೆ ಎದ್ದದ್ದು, ಮುಲಾಮಿಗೆ ಎರಡು ತಿಂಗಳಲ್ಲಿ ಬಗ್ಗದ ಪಟ್ಟೆ. ವಯಸ್ಸು, ತಿಂಗಳುಗಳ ಈ ಗೆರೆ ನಾನು ಎಳೆದದ್ದು. ವೈದ್ಯರು ಬೇಕಾದರೆ ಆಚೀಚೆ ಸರಿಸಲಿ. ಎಳೆಯದೇ ಇರುವುದಕ್ಕಿಂತ ಅದು ಮೇಲು.

ಎರಡನೆಯ ಆಕ್ಷೇಪ ಭಯದ್ದು. ‘ಕತ್ತಿ ತಾಗಿದರೆ ಕ್ಯಾನ್ಸರ್ ಕೆರಳಿ ಹರಡುತ್ತದೆ’ ಎಂಬ ಮಾತು ನಮ್ಮಲ್ಲಿ ಎಷ್ಟು ಬೇರೂರಿದೆಯೆಂದರೆ ಓದಿದವರೂ ತುಣುಕು ಪರೀಕ್ಷೆ ಎಂದೊಡನೆ ಹಿಂಜರಿಯುತ್ತಾರೆ. ಸೂಜಿ ಹೋದ ದಾರಿಯಲ್ಲಿ ರೋಗದ ಕೋಶಗಳು ಕೂರುವುದು ಕೆಲವು ಅಂಗಗಳ ಕ್ಯಾನ್ಸರಿನಲ್ಲಿ, ಅದೂ ಬಲು ವಿರಳವಾಗಿ, ದಾಖಲಾಗಿದೆ. ಚರ್ಮದಲ್ಲಿ ಆ ದಾರಿಯನ್ನೂ ಸೇರಿಸಿಯೇ ಮುಂದೆ ಕೊಯ್ದು ತೆಗೆಯುತ್ತಾರೆ. ಈ ಮಾತು ಹುಟ್ಟಿದ ಬಗೆಯನ್ನು ಊಹಿಸುವುದು ಕಷ್ಟವಲ್ಲ. ಅರ್ಧಂಬರ್ಧ ತೆಗೆದು, ಪರೀಕ್ಷೆಗೆ ಕಳಿಸದೆ ಬಿಟ್ಟ ಗಂಟು ಮರುವರ್ಷ ಮತ್ತೆ ಎದ್ದಾಗ ಜನ ಕತ್ತಿಯನ್ನು ದೂರಿದರು. ಅಂದರೆ ಬಯಾಪ್ಸಿಯ ಮೇಲಿನ ಭಯ ಬೆಳೆದದ್ದರಲ್ಲಿ ಬಯಾಪ್ಸಿ ಮಾಡದೇ ಬಿಟ್ಟ ಗಂಟುಗಳ ಪಾಲೂ ಇದೆ. ಇನ್ನು ನಾಟಿ ಔಷಧಿ. ಈ ಸೀಮೆಯಲ್ಲಿ ಗಿಡಮೂಲಿಕೆ ಬಲ್ಲವರ ಪರಂಪರೆ ದೊಡ್ಡದು. ಸಾಗರ ತಾಲ್ಲೂಕಿನ ನರಸೀಪುರಕ್ಕೆ ಕ್ಯಾನ್ಸರಿನ ಔಷಧಿ ಅರಸಿ ದೇಶದ ನಾನಾ ಕಡೆಯಿಂದ ಜನ ಸಾಲುಗಟ್ಟಿದ್ದು ಎಲ್ಲರೂ ಬಲ್ಲದ್ದು. ಬೆವರುಗ್ರಂಥಿಯ ಕ್ಯಾನ್ಸರಿಗೆ ಕೊಯ್ದು ತೆಗೆಯುವುದೇ ಚಿಕಿತ್ಸೆ ಎಂಬ ನನ್ನ ನಿಲುವಿನಲ್ಲಿ ರಾಜಿಯಿಲ್ಲ. ಆದರೆ ಚಿಕಿತ್ಸೆಯ ಜಗಳಕ್ಕೆ ಹೋಗುವ ಮೊದಲೇ ಒಂದು ಮಾತನ್ನು ಎರಡೂ ಕಡೆಯವರು ಒಪ್ಪಬಹುದು: ಹೆಸರು ಗೊತ್ತಿಲ್ಲದ ರೋಗಕ್ಕೆ ಕೊಟ್ಟ ಔಷಧಿ ಕೆಲಸ ಮಾಡಿತೋ ಇಲ್ಲವೋ ಎಂದು ಕೊಟ್ಟವರಿಗೂ ಗೊತ್ತಾಗುವುದಿಲ್ಲ. ಲೇಪದಿಂದ ಕ್ಯಾನ್ಸರ್ ಕರಗಿತು ಎನ್ನುವ ಎಷ್ಟು ಗಂಟುಗಳು ಮೊದಲಿಗೆ ಕ್ಯಾನ್ಸರೇ ಆಗಿದ್ದವು?

ಮೂರನೆಯದು ಸಿಟ್ಟಿನ ಮಾತು, ಅದರಲ್ಲಿ ನ್ಯಾಯವಿದೆ. ‘ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಕೊಡಿ, ಆಮೇಲೆ ಬಾಟಲಿಯ ಮಾತಾಡಿ.’ ಉತ್ತರ ಕನ್ನಡದವರು 2019ರಲ್ಲಿ ಸಾಮಾಜಿಕ ಜಾಲತಾಣಗಳಲ್ಲಿ ಎತ್ತಿದ ಈ ಕೂಗು, 2022ರ ಜುಲೈಯಲ್ಲಿ ಶಿರೂರು ಟೋಲ್ ಬಳಿ ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಉರುಳಿ ನಾಲ್ವರು ಸತ್ತ ಮೇಲೆ ಬೀದಿಗಿಳಿಯಿತು. ಹೃದಯಾಘಾತಕ್ಕೆ, ಅಪಘಾತಕ್ಕೆ, ಹೆರಿಗೆಯ ತೊಡಕಿಗೆ ದೂರವೇ ಸಾವು. ಅಲ್ಲಿ ಕಟ್ಟಡವೂ ತಜ್ಞರೂ ಹತ್ತಿರದಲ್ಲೇ ಇರಬೇಕು, ಆ ಬೇಡಿಕೆಯನ್ನು ಒಂದಿಂಚೂ ಬಿಡಬಾರದು. ಆದರೆ ಗಂಟಿನ ರೋಗಪತ್ತೆಗೆ ದೂರ ಅಷ್ಟು ದೊಡ್ಡ ವೈರಿಯಲ್ಲ. ಶಿರಸಿಯಿಂದ ನೂರು ಕಿಲೋಮೀಟರಿನಾಚೆಯ ಹುಬ್ಬಳ್ಳಿಗೆ ರೋಗಿ ಹೋಗಬೇಕಾಗಿಲ್ಲ, ಬಾಟಲಿ ಹೋದರೆ ಸಾಕು. ಅಲ್ಲಿ ಅನುಮಾನ ಉಳಿದರೆ ಮೇಣದ ಅಚ್ಚು ಬೆಂಗಳೂರಿಗೆ ಹೋಗುತ್ತದೆ, ಗಾಜಿನ ಪಟ್ಟಿಯ ಚಿತ್ರವನ್ನು ಸ್ಕ್ಯಾನ್ ಮಾಡಿ ಇನ್ನೂ ದೂರದ ತಜ್ಞರಿಗೆ ತೋರಿಸಬಹುದು. ಆ ಅಚ್ಚು ಹತ್ತಿಪ್ಪತ್ತು ವರ್ಷ ಕೆಡದೆ ಇರುತ್ತದೆ; ಇಂದು ಗೊತ್ತಿಲ್ಲದ ಪರೀಕ್ಷೆಯನ್ನು ನಾಳೆ ಅದರ ಮೇಲೆ ಮಾಡಬಹುದು. ಇಂಥ ಕ್ಯಾನ್ಸರ್‌ಗಳ ಜೀನುಗಳ ಬಗ್ಗೆ ಈಚೆಗೆ ತಿಳಿದದ್ದರಲ್ಲಿ ಎಷ್ಟೋ ಭಾಗ ಹೀಗೆ ಕಪಾಟಿನಲ್ಲಿ ಉಳಿದಿದ್ದ ಅಚ್ಚುಗಳಿಂದಲೇ ಬಂದದ್ದು.

ಬಾಟಲಿ ಹೋದ ಮೇಲೂ ದಾರಿ ತಪ್ಪುವ ಜಾಗ ಒಂದಿದೆ, ಅದರ ಬಗ್ಗೆ ಯಾರೂ ಬರೆಯುವುದಿಲ್ಲ: ವರದಿ ಬರುತ್ತದೆ, ರೋಗಿ ಬರುವುದಿಲ್ಲ. ಹೊಲಿಗೆ ಬಿಚ್ಚಿಸಿಕೊಂಡು ಹೋದವರಿಗೆ ಗಾಯ ಒಣಗಿದೆ, ಗದ್ದೆಯಲ್ಲಿ ನಾಟಿ ಶುರುವಾಗಿದೆ, ಇಲ್ಲವೇ ಅಡಿಕೆ ಕೊನೆ ಇಳಿಸುವ ಹೊತ್ತು. ಕಾಗದ ಆಸ್ಪತ್ರೆಯ ಮೇಜಿನ ಸೆಳೆಖಾನೆಯಲ್ಲಿ ಉಳಿಯುತ್ತದೆ. ಸಣ್ಣ ಆಪರೇಷನ್ನುಗಳ ರಿಜಿಸ್ಟರಿನಲ್ಲಿ ಈಗಿರುವ ಕಲಮುಗಳ ಪಕ್ಕ ಇನ್ನು ಮೂರು ಗೆರೆ ಎಳೆದರೆ ಆಗುವ ಕೆಲಸ ಇದು: ಕಳಿಸಿದ ದಿನ, ವರದಿ ಬಂದ ದಿನ, ರೋಗಿಗೆ ತಿಳಿಸಿದ ದಿನ. ಮೂರನೆಯ ಕಲಮು ತಿಂಗಳಾದರೂ ಖಾಲಿಯಿದ್ದರೆ ಆ ಹೆಸರಿನ ಚೀಟಿ ಊರಿನ ಆಶಾ ಕಾರ್ಯಕರ್ತೆಯ ಕೈಗೆ ಹೋಗಬೇಕು. ಗುಡ್ನಾಪುರದಂಥ ಊರಿನಲ್ಲಿ ಯಾರ ಮನೆ ಯಾವುದು, ಅವರು ಯಾವ ಗದ್ದೆಯಲ್ಲಿ ಸಿಗುತ್ತಾರೆ ಎಂದು ಆಕೆಗೆ ವಿಳಾಸ ಬರೆದುಕೊಡಬೇಕಾಗಿಲ್ಲ.